ಒಬ್ಬ ವಿದ್ಯಾರ್ಥಿ ಗೆಳೆಯ: ಕೊರಿಯಾದ ಅಕ್ಷರಋಣದ ಒಂದು ಶತಮಾನ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ನೈಋತ್ಯಕ್ಕೆ ಆನ್ಸನ್ ಎಂಬ ಕೈಗಾರಿಕಾ ನಗರವಿದೆ. ಅದರ ವೊಂಗೊಕ್-ದೊಂಗ್ ಬಡಾವಣೆಯಲ್ಲಿ ಅಂಗಡಿಯ ಫಲಕಗಳು ಚೀನೀ, ವಿಯೆಟ್ನಾಮೀ, ರಷ್ಯನ್ ಮುಂತಾದ ಹಲವು ನುಡಿಗಳಲ್ಲಿವೆ. 2009ರಲ್ಲಿ ಈ ಬಡಾವಣೆ 'ಬಹುಸಂಸ್ಕೃತಿ ವಿಶೇಷ ವಲಯ' ಎಂದು ಘೋಷಿತವಾಯಿತು. ಅದೇ ನಗರದ ರೈಲುಮಾರ್ಗದಲ್ಲಿ 'ಸಾಂಗ್ನೊಕ್ಸು' ಎಂಬ ನಿಲ್ದಾಣವೂ ಇದೆ. ನಿತ್ಯಹಸಿರಿನ ಮರ ಎಂದು ಅದರ ಅರ್ಥ. 1935ರ ಒಂದು ಕಾದಂಬರಿಯಿಂದ ಬಂದ ಹೆಸರದು. ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಲು ಪಟ್ಟಣ ಬಿಟ್ಟು ಹೋದ ವಿದ್ಯಾವಂತ ತರುಣ ತರುಣಿಯರು ಆ ಕಾದಂಬರಿಯ ವಸ್ತು. ಶಾಲೆಯ ಹೊರಗುಳಿದ ಮಗುವಿನ ಬಳಿಗೆ ಕಾಲೇಜಿನ ತರುಣನೊಬ್ಬ ಹೋಗಿ ಕೂರುವ ಸಂಪ್ರದಾಯ ಕೊರಿಯಾದಲ್ಲಿ ನೂರು ವರ್ಷದಷ್ಟು ಹಳೆಯದು. ಇಂದು ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಲಸೆ ಬಂದ ತಾಯಂದಿರ ಮಕ್ಕಳಿಗೆ ಮಾರ್ಗದರ್ಶಿಗಳಾಗಿ ಕೆಲಸ ಮಾಡುವುದನ್ನು ಈ ಉದ್ದದ ನೆರಳಿನಲ್ಲಿಟ್ಟು ನೋಡಿದರೆ ಮಾತ್ರ ಅದರ ಹಿರಿಮೆಯೂ ಅದರೊಳಗಿನ ವಿಪರ್ಯಾಸವೂ ಕಾಣುತ್ತವೆ.

1910ರಲ್ಲಿ ಜಪಾನು ಕೊರಿಯಾವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. 1919ರ ಮಾರ್ಚ್ ಒಂದರ ಸ್ವಾತಂತ್ರ್ಯ ಚಳವಳಿಯನ್ನು ರಕ್ತ ಹರಿಸಿ ಹತ್ತಿಕ್ಕಿದ ಮೇಲೆ, ತರುಣರ ಶಕ್ತಿ ಬೀದಿಯಿಂದ ಪಾಠದ ಕೋಣೆಗೆ ಹರಿಯಿತು. ಊರೂರಿನಲ್ಲಿ 'ಯಾಹಕ್', ಅಂದರೆ ರಾತ್ರಿ ಶಾಲೆಗಳು ಹುಟ್ಟಿಕೊಂಡವು. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ದೀಪದ ಬೆಳಕಿನಲ್ಲಿ ಹಂಗುಲ್ ಲಿಪಿಯನ್ನು ಕಲಿತರು. ಹದಿನೈದನೆಯ ಶತಮಾನದಲ್ಲಿ ಸೆಜೊಂಗ್ ದೊರೆ ಜನಸಾಮಾನ್ಯರಿಗಾಗಿಯೇ ಮಾಡಿಸಿದ ಲಿಪಿಯದು. ಆದರೂ ಆ ಹೊತ್ತಿಗೆ ಜನಸಾಮಾನ್ಯರಲ್ಲಿ ಬಹುಪಾಲು ಜನರಿಗೆ ಅದು ತಿಳಿದಿರಲಿಲ್ಲ. 1931ರಲ್ಲಿ 'ದೊಂಗಾ ಇಲ್ಬೊ' ಪತ್ರಿಕೆ ಬೇಸಗೆಯ ರಜೆಯಲ್ಲಿ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕಳಿಸುವ ಚಳವಳಿಯನ್ನು ಆರಂಭಿಸಿತು. ಅದಕ್ಕೆ ಇಟ್ಟ ಹೆಸರು ರಷ್ಯನ್ ಭಾಷೆಯದು: 'ವ್ ನರೋದ್', ಜನರೆಡೆಗೆ. ನಾಲ್ಕು ಬೇಸಗೆ ನಡೆದ ಬಳಿಕ ವಸಾಹತು ಸರ್ಕಾರ ಅದನ್ನು ನಿಲ್ಲಿಸಿತು.

ಆ ವರ್ಷಗಳಲ್ಲಿಯೇ ಚೊಯ್ ಯೊಂಗ್-ಶಿನ್ ಎಂಬ ತರುಣಿ ಇಂದಿನ ಆನ್ಸನ್ನಿನ ಭಾಗವಾಗಿರುವ ಸೇಮ್‌ಗೋಲ್ ಎಂಬ ಹಳ್ಳಿಗೆ ಬಂದಳು. ಹುಟ್ಟಿದ್ದು 1909ರಲ್ಲಿ. ಸೋಲ್‌ನಲ್ಲಿ ದೈವಶಾಸ್ತ್ರ ಓದುತ್ತಿದ್ದವಳು ಓದು ಬಿಟ್ಟು ಹಳ್ಳಿಯ ಮಕ್ಕಳಿಗೆ ಅಕ್ಷರವನ್ನೂ ಲೆಕ್ಕವನ್ನೂ ಕಲಿಸತೊಡಗಿದಳು. ಮಕ್ಕಳ ಸಂಖ್ಯೆ ಹೆಚ್ಚಿದಂತೆ ಪೊಲೀಸರು ಇಷ್ಟೇ ಮಕ್ಕಳಿರಬೇಕೆಂದು ಮಿತಿ ಹಾಕಿದರು. ದುಡಿಮೆಯೂ ಕಾಯಿಲೆಯೂ ಸೇರಿ 1935ರ ಜನವರಿಯಲ್ಲಿ ಅವಳ ಪ್ರಾಣ ತೆಗೆದವು. ಆಗ ಅವಳಿಗೆ ಇಪ್ಪತ್ತಾರು ಕೂಡ ತುಂಬಿರಲಿಲ್ಲ. ಅದೇ ವರ್ಷ ಶಿಮ್ ಹುನ್ ಬರೆದ 'ಸಾಂಗ್ನೊಕ್ಸು' ಕಾದಂಬರಿಯ ನಾಯಕಿಯ ಹಿಂದಿರುವುದು ಇವಳ ಬದುಕು. ಮಿತಿಗೆ ಮೀರಿದವರೆಂದು ಹೊರಗೆ ಕಳಿಸಿದ ಮಕ್ಕಳು ಗೋಡೆಯಾಚೆಯ ಮರ ಹತ್ತಿ ಒಳಗಿನ ಪಾಠವನ್ನು ನೋಡುವ ಪ್ರಸಂಗ ಆ ಕಾದಂಬರಿಯಲ್ಲಿದೆ. ಕೊರಿಯನ್ನರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತ ಚಿತ್ರವದು.

ಸೇಮ್‌ಗೋಲ್‌ನ ಪಾಠ ಬರಿಯ ಸಾಕ್ಷರತೆಯ ಪಾಠವಾಗಿರಲಿಲ್ಲ. ಯಾವ ಭಾಷೆಯಲ್ಲಿ ಸಾಕ್ಷರತೆ ಎಂಬುದೇ ಅಲ್ಲಿನ ಮುಖ್ಯ ಸಂಗತಿ. 1938ರಿಂದ ಕೊರಿಯನ್ ಭಾಷೆ ಶಾಲೆಯಲ್ಲಿ ಕಡ್ಡಾಯ ವಿಷಯವಾಗಿ ಉಳಿಯಲಿಲ್ಲ. ಕ್ರಮೇಣ ಅದು ಪಾಠದಿಂದಲೇ ಮರೆಯಾಯಿತು. ತರಗತಿಯಲ್ಲಿ ಮನೆಮಾತು ಆಡಿದ ಮಗುವಿಗೆ ಶಿಕ್ಷೆ ಕಾದಿತ್ತು. 1940ರಲ್ಲಿ ಜಪಾನೀ ಮಾದರಿಯ ಹೆಸರಿಟ್ಟುಕೊಳ್ಳುವ ಒತ್ತಡ ಬಂತು. ಕೊರಿಯನ್ ಭಾಷೆಯ ದೊಡ್ಡ ದಿನಪತ್ರಿಕೆಗಳೂ ಅದೇ ವರ್ಷ ಮುಚ್ಚಿದವು. 1942ರಲ್ಲಿ ಕೊರಿಯನ್ ನಿಘಂಟಿನ ಕೆಲಸದಲ್ಲಿ ತೊಡಗಿದ್ದ ಭಾಷಾ ಪರಿಷತ್ತಿನ ವಿದ್ವಾಂಸರನ್ನು ಬಂಧಿಸಲಾಯಿತು. ಇಬ್ಬರು ಸೆರೆಮನೆಯಲ್ಲಿಯೇ ತೀರಿಕೊಂಡರು. ಕಳೆದುಹೋಯಿತೆಂದು ತಿಳಿದಿದ್ದ ನಿಘಂಟಿನ ಹಸ್ತಪ್ರತಿ 1945ರಲ್ಲಿ, ಬಿಡುಗಡೆಯಾದ ಕೆಲವೇ ವಾರಗಳಲ್ಲಿ, ಸೋಲ್ ರೈಲು ನಿಲ್ದಾಣದ ಉಗ್ರಾಣದಲ್ಲಿ ಸಿಕ್ಕಿತು. ಮನೆಮಾತನ್ನು ಕಳೆದುಕೊಳ್ಳುವುದೆಂದರೇನೆಂದು ಈ ಜನಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ ಬರುವ ಮಾತಿಗಾಗಿ ಇದನ್ನು ನೆನಪಿನಲ್ಲಿಡಬೇಕು.

ವಿದ್ಯಾರ್ಥಿ ಮತ್ತು ಅಕ್ಷರವಂಚಿತರ ಸಂಬಂಧಕ್ಕೆ ಎರಡನೆಯ ತಿರುವು ಬಂದದ್ದು 1970ರಲ್ಲಿ. ಸೋಲ್‌ನ ಪ್ಯೊಂಗ್‌ಹ್ವಾ ಮಾರುಕಟ್ಟೆಯ ಬಟ್ಟೆ ಕಾರ್ಖಾನೆಗಳಲ್ಲಿ, ತಲೆಯೆತ್ತಿ ನಿಲ್ಲಲೂ ಆಗದ ಅಟ್ಟಗಳಲ್ಲಿ, ಹದಿಹರೆಯದ ಹುಡುಗಿಯರು ಹದಿನಾಲ್ಕು ಗಂಟೆ ದುಡಿಯುತ್ತಿದ್ದರು. ಅಲ್ಲಿ ಜೊನ್ ತೆ-ಇಲ್ ಎಂಬ ಹೊಲಿಗೆ ಕೆಲಸಗಾರನಿದ್ದ. ಬಡತನದಿಂದ ಓದು ಅರ್ಧಕ್ಕೆ ನಿಂತವನು. ತನ್ನ ಬಸ್ಸಿನ ಹಣದಲ್ಲಿ ಹಸಿದ ಹುಡುಗಿಯರಿಗೆ ತಿಂಡಿ ಕೊಡಿಸಿ, ರಾತ್ರಿ ಮನೆಗೆ ನಡೆದೇ ಹೋಗುತ್ತಿದ್ದನೆಂದು ಅವನ ಜೀವನಚರಿತ್ರೆ ಹೇಳುತ್ತದೆ. ಕಾರ್ಮಿಕರಿಗೆ ರಕ್ಷಣೆ ಕೊಡುವ ಕಾನೂನೊಂದು 1953ರಿಂದಲೇ ಇದೆಯೆಂದು ಅವನಿಗೆ ತಿಳಿಯಿತು. ಪುಸ್ತಕ ಕೊಂಡ. ಆದರೆ ಆ ಕಾನೂನು ಚೀನೀ ಅಕ್ಷರಗಳಿಂದ ಕಿಕ್ಕಿರಿದ ವಿದ್ವತ್ತಿನ ಭಾಷೆಯಲ್ಲಿತ್ತು. ಇದನ್ನು ಓದಿ ಹೇಳಲು ತನಗೊಬ್ಬ ಕಾಲೇಜು ವಿದ್ಯಾರ್ಥಿ ಗೆಳೆಯನಿದ್ದಿದ್ದರೆ ಎಂದು ಅವನು ಮತ್ತೆ ಮತ್ತೆ ಹಂಬಲಿಸುತ್ತಿದ್ದ. 1970ರ ನವೆಂಬರ್ 13ರಂದು ಆ ಕಾನೂನಿನ ಪುಸ್ತಕದೊಡನೆ ಬೆಂಕಿ ಹಚ್ಚಿಕೊಂಡು ಅವನು ಸತ್ತ. ವಯಸ್ಸು ಇಪ್ಪತ್ತೆರಡು.

ಅವನ ಆ ಹಂಬಲ ಸಾವಿನ ನಂತರ ವಿಶ್ವವಿದ್ಯಾಲಯಗಳನ್ನು ಕಾಡಿತು. ಬದುಕಿದ್ದಾಗ ಸಿಗದ ಗೆಳೆಯರು ಅವನ ತಾಯಿ ಯಿ ಸೊ-ಸೊನ್ ಅವರ ಬಳಿಗೆ ಬಂದರು. ಎಪ್ಪತ್ತರ ದಶಕದುದ್ದಕ್ಕೂ ವಿದ್ಯಾರ್ಥಿಗಳು ಕಾರ್ಖಾನೆಯ ಬಡಾವಣೆಗಳಲ್ಲಿ ರಾತ್ರಿ ಶಾಲೆಗಳನ್ನು ತೆರೆದರು. 1978ರಲ್ಲಿ ಗ್ವಾಂಗ್‌ಜು ನಗರದಲ್ಲಿ ಹುಟ್ಟಿದ 'ದುಲ್‌ಬುಲ್', ಅಂದರೆ ಕಾಡ್ಗಿಚ್ಚು, ಎಂಬ ಶಾಲೆ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ಸ್ಥಾಪಕರಲ್ಲೊಬ್ಬಳಾದ ಪಾರ್ಕ್ ಗಿ-ಸುನ್ ಆ ವರ್ಷದ ಕೊನೆಗೇ ಕಲ್ಲಿದ್ದಲಿನ ಒಲೆಯ ವಿಷಾನಿಲದಿಂದ ತೀರಿಕೊಂಡಳು. ಅಲ್ಲಿ ಪಾಠ ಹೇಳಿದ ಯೂನ್ ಸಾಂಗ್-ವೊನ್ 1980ರ ಮೇ ತಿಂಗಳ ಗ್ವಾಂಗ್‌ಜು ದಂಗೆಯಲ್ಲಿ ಜನರ ವಕ್ತಾರನಾಗಿ ನಿಂತು ಸೈನ್ಯದ ಗುಂಡಿಗೆ ಬಲಿಯಾದ. ಕಲಿಸಲು ಹೋದವರು ಕಲಿತು ಬಂದರೆಂಬುದು ಈ ಶಾಲೆಗಳ ಬಗೆಗೆ ಹೇಳಬೇಕಾದ ಮಾತು. ಗಣಿತ ಹೇಳಿಕೊಡಲು ಹೋದ ವಿದ್ಯಾರ್ಥಿಗೆ ಕೂಲಿಯ ಲೆಕ್ಕ ಅರ್ಥವಾದದ್ದು ಅಲ್ಲಿಯೇ.

ಇದರ ಜೊತೆಗೇ ಮತ್ತೊಂದು ಕೊರಿಯಾ ಬೆಳೆಯುತ್ತಿತ್ತು. ಅಲ್ಲಿ ವಿದ್ಯಾರ್ಥಿಯ ಹೊತ್ತಿಗೆ ಬೆಲೆಯಿತ್ತು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯೇ ಬದುಕಿನ ಹಣೆಬರಹವಾದ ದೇಶದಲ್ಲಿ ಅನುಕೂಲಸ್ಥರು ಕಾಲೇಜು ವಿದ್ಯಾರ್ಥಿಗಳನ್ನು ಗಂಟೆಯ ಲೆಕ್ಕದಲ್ಲಿ ಮನೆಪಾಠಕ್ಕೆ ಇಟ್ಟುಕೊಳ್ಳುತ್ತಿದ್ದರು. 1980ರಲ್ಲಿ ಸೈನಿಕ ಸರ್ಕಾರ ಮನೆಪಾಠವನ್ನೇ ನಿಷೇಧಿಸಿತು. ನಿಷೇಧ ಕ್ರಮೇಣ ಸಡಿಲವಾಗಿ, 2000ದಲ್ಲಿ ಸಂವಿಧಾನ ನ್ಯಾಯಾಲಯ ಅದು ಸಲ್ಲದೆಂದು ತೀರ್ಪಿತ್ತಿತು. ಒಂದೇ ವಿದ್ಯಾರ್ಥಿ ಒಂದು ಮನೆಗೆ ಕೊಂಡ ಸರಕು, ಇನ್ನೊಂದು ಮನೆಗೆ ಬಾರದ ಗೆಳೆಯ. ಮುಂದೆ ಸರ್ಕಾರವೇ ವಿದ್ಯಾರ್ಥಿಗೆ ಹಣ ಕೊಟ್ಟು ಕೊಳ್ಳಲಾರದ ಮನೆಯ ಮಗುವಿನ ಬಳಿಗೆ ಕಳಿಸಿದ ಏರ್ಪಾಡಿನ ಬೇರು ಇಲ್ಲಿದೆ.

ಆ ಮಗು ಯಾರು? ಕೈಗಾರಿಕೆ ಬೆಳೆದಂತೆ ಹಳ್ಳಿಯ ಹೆಣ್ಣುಮಕ್ಕಳು ನಗರ ಸೇರಿದರು. ಹೊಲ ಮತ್ತು ಮುದುಕರ ಹೊಣೆ ಹೊತ್ತ ಗಂಡುಮಕ್ಕಳು ಮದುವೆಯಾಗದೆ ಉಳಿದರು. 1992ರಲ್ಲಿ ಚೀನಾದೊಡನೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟ ಬಳಿಕ ಅಲ್ಲಿನ ಕೊರಿಯನ್ ಮೂಲದ ಹೆಂಗಸರು ವಧುಗಳಾಗಿ ಬಂದರು. ಅನಂತರ ವಿಯೆಟ್ನಾಂ, ಫಿಲಿಪ್ಪೀನ್ಸ್, ಕಾಂಬೋಡಿಯಾಗಳಿಂದ ಬಂದರು. ದಲ್ಲಾಳಿಗಳ ವ್ಯಾಪಾರ ಬೆಳೆಯಿತು. ಕೆಲವು ಸ್ಥಳೀಯ ಆಡಳಿತಗಳು ಮದುವೆಯ ವೆಚ್ಚಕ್ಕೆ ಸಹಾಯಧನವನ್ನೂ ಕೊಟ್ಟವು. 2005ರಲ್ಲಿ ಕೊರಿಯಾದಲ್ಲಿ ನಡೆದ ನೂರು ಮದುವೆಗಳಲ್ಲಿ ಹದಿಮೂರಕ್ಕೂ ಹೆಚ್ಚು ವಿದೇಶೀಯರೊಡನೆ ಆದವು. ಕೃಷಿಕರಲ್ಲಿ ಮತ್ತು ಮೀನುಗಾರರಲ್ಲಿ ಈ ಪ್ರಮಾಣ ಮೂರರಲ್ಲಿ ಒಂದನ್ನು ಮೀರಿತ್ತು.

ತಾನು ಒಂದೇ ರಕ್ತದ ಜನ ಎಂದು ಶಾಲೆಯ ಪಠ್ಯದಲ್ಲಿಯೇ ಓದಿಕೊಂಡು ಬಂದಿದ್ದ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ. ಯುದ್ಧಾನಂತರ ಅಮೆರಿಕದ ಸೈನಿಕರಿಗೆ ಹುಟ್ಟಿದ ಮಕ್ಕಳಲ್ಲಿ ಅನೇಕರನ್ನು ದತ್ತು ಕೊಟ್ಟು ವಿದೇಶಕ್ಕೆ ಕಳಿಸಿದ ಚರಿತ್ರೆ ಅದಕ್ಕಿತ್ತು. ಉಳಿದವರಿಗೆ 'ಮಿಶ್ರರಕ್ತ'ದವರೆಂಬ ಹೆಸರು ಅಂಟಿತು. 1998ರವರೆಗೆ ಪೌರತ್ವ ತಂದೆಯ ಕಡೆಯಿಂದಲೇ ಬರುತ್ತಿತ್ತು. ಆದರೆ ಹದಿಮೂರನೆಯ ಶತಮಾನದ 'ಸಂಗುಕ್ ಯೂಸಾ' ಎಂಬ ಗ್ರಂಥ, ಕ್ರಿ.ಶ. 48ರಲ್ಲಿ 'ಆಯುತ' ಎಂಬ ದೂರದ ನಾಡಿನ ರಾಜಕುಮಾರಿ ಹಡಗಿನಲ್ಲಿ ಬಂದು ಗಾಯಾ ರಾಜ್ಯದ ದೊರೆ ಸುರೊನನ್ನು ವರಿಸಿದ ಕಥೆಯನ್ನು ಹೇಳುತ್ತದೆ. ಆ ನಾಡು ನಮ್ಮ ಅಯೋಧ್ಯೆಯೇ ಎಂಬುದು ಒಂದು ನಂಬಿಕೆ. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಕಥೆ ಚರಿತ್ರೆಯೋ ಐತಿಹ್ಯವೋ, ಗಿಮ್‌ಹೆಯ ಕಿಮ್ ವಂಶದ ಲಕ್ಷಾಂತರ ಜನ ಇಂದಿಗೂ ಆ ವಿದೇಶಿ ವಧುವನ್ನು ತಮ್ಮ ಮೂಲಮಾತೆ ಎಂದು ಗೌರವಿಸುತ್ತಾರೆ. ವಿಯೆಟ್ನಾಮಿನಿಂದ ಬಂದ ಸೊಸೆಗೆ ಆ ಗೌರವ ಸಿಗಲಿಲ್ಲ, ಅಷ್ಟೆ.

2006ರ ಫೆಬ್ರವರಿಯಲ್ಲಿ ಅಮೆರಿಕದ ಫುಟ್‌ಬಾಲ್‌ನ ಸೂಪರ್ ಬೌಲ್ ಪಂದ್ಯದಲ್ಲಿ ಹೈನ್ಸ್ ವಾರ್ಡ್ ಅತ್ಯುತ್ತಮ ಆಟಗಾರನೆನಿಸಿದ. ಸೋಲ್‌ನಲ್ಲಿ ಹುಟ್ಟಿದವನು, ತಾಯಿ ಕೊರಿಯನ್, ತಂದೆ ಕಪ್ಪು ವರ್ಣದ ಅಮೆರಿಕನ್. ಏಪ್ರಿಲ್‌ನಲ್ಲಿ ಅವನು ತಾಯಿಯೊಡನೆ ಬಂದಾಗ ರಾಷ್ಟ್ರಾಧ್ಯಕ್ಷರು ಸತ್ಕರಿಸಿದರು. ಅವನು ಇಲ್ಲಿಯೇ ಬೆಳೆದಿದ್ದರೆ ಏನಾಗುತ್ತಿದ್ದ ಎಂಬ ಪ್ರಶ್ನೆಯನ್ನು ಪತ್ರಿಕೆಗಳು ಎತ್ತಿದವು. ಅದೇ ವರ್ಷ ಶಿಕ್ಷಣ ಸಚಿವಾಲಯ ಇಂಥ ಮಕ್ಕಳ ಓದಿಗಾಗಿ ಮೊದಲ ಯೋಜನೆಯನ್ನು ರೂಪಿಸಿತು. 'ದಾಮುನ್ಹ್ವಾ', ಅಂದರೆ ಬಹುಸಂಸ್ಕೃತಿ, ಎಂಬ ಪದ ಆಡಳಿತದ ಭಾಷೆಗೆ ಬಂತು. 2007ರಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನ ಸಮಿತಿ, ಶುದ್ಧ ರಕ್ತದ ಕಲ್ಪನೆಯನ್ನು ಕೈಬಿಡಬೇಕೆಂದು ಕೊರಿಯಾಕ್ಕೆ ಸಲಹೆ ಮಾಡಿತು. ಅದೇ ವರ್ಷ ಧ್ವಜಪ್ರತಿಜ್ಞೆಯಿಂದ 'ಜನಾಂಗ' ಎಂಬರ್ಥದ ಪದವನ್ನು ತೆಗೆಯಲಾಯಿತು. 2008ರಲ್ಲಿ ಬಹುಸಂಸ್ಕೃತಿ ಕುಟುಂಬಗಳ ನೆರವಿನ ಕಾಯಿದೆ ಬಂತು.

ಈ ಹಿನ್ನೆಲೆಯಲ್ಲಿ 2009ರ ಸುಮಾರಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮಾರ್ಗದರ್ಶನ ಯೋಜನೆ ಆರಂಭವಾಯಿತು. ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ತಯಾರು ಮಾಡುವ ಶಿಕ್ಷಣ ವಿಶ್ವವಿದ್ಯಾಲಯಗಳು ಮುಂದೆ ಬಂದವು. ಶಾಲೆ ಬಿಟ್ಟ ಮೇಲೆ ವಿದ್ಯಾರ್ಥಿ ಮಗುವಿನ ಶಾಲೆಗೋ ಮಕ್ಕಳ ಕೇಂದ್ರಕ್ಕೋ ಹೋಗಿ, ಜೊತೆಗೆ ಕುಳಿತು ಕೊರಿಯನ್ ಓದಿಸುತ್ತಾನೆ, ಲೆಕ್ಕ ಹೇಳಿಕೊಡುತ್ತಾನೆ. ಬಿಡುವಿದ್ದರೆ ವಸ್ತುಸಂಗ್ರಹಾಲಯಕ್ಕೋ ತನ್ನ ಕಾಲೇಜಿನ ಆವರಣಕ್ಕೋ ಕರೆದೊಯ್ಯುತ್ತಾನೆ. ಕಳೆದ ಗಂಟೆಗಳಿಗೆ ವಿದ್ಯಾರ್ಥಿವೇತನ ದೊರೆಯುತ್ತದೆ. ಉತ್ತರ ಕೊರಿಯಾದಿಂದ ಪಾರಾಗಿ ಬಂದ ಕುಟುಂಬಗಳ ಮಕ್ಕಳನ್ನೂ ಇದೇ ಯೋಜನೆಯೊಳಗೆ ತರಲಾಯಿತು. ಶಾಲೆಗಳಲ್ಲಿ ಬಹುಸಂಸ್ಕೃತಿ ಕುಟುಂಬದ ಮಕ್ಕಳು 2012ರಲ್ಲಿ ಸುಮಾರು 47 ಸಾವಿರ ಇದ್ದರು. 2023ಕ್ಕೆ 1 ಲಕ್ಷ 80 ಸಾವಿರ ದಾಟಿದರು. ಒಟ್ಟು ಶಾಲಾಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿರುವ ದೇಶದಲ್ಲಿ ಬೆಳೆಯುತ್ತಿದ್ದುದು ಈ ಸಂಖ್ಯೆ.

ಇದರಿಂದಾದ ಒಳಿತು ಕಡಿಮೆಯದಲ್ಲ. ಶಾಲೆಯಿಂದ ಬಂದ ಚೀಟಿಯನ್ನು ಓದಲಾರದ ತಾಯಿ, ಹೊಲದಿಂದ ಕತ್ತಲಾದ ಮೇಲೆ ಬರುವ ತಂದೆ ಇರುವ ಮನೆಯಲ್ಲಿ, ಮಗುವಿನ ಪ್ರಶ್ನೆಗೆ ಓಗೊಡುವವರೊಬ್ಬರು ಸಿಕ್ಕರು. ಕೊರಿಯನ್ನಿನಲ್ಲಿಯೂ ನಮ್ಮಲ್ಲಿರುವಂತೆ ತನಗಿಂತ ತುಸು ದೊಡ್ಡವರನ್ನು ಅಣ್ಣ, ಅಕ್ಕ ಎಂದು ಕರೆಯುವ ರೂಢಿಯಿದೆ. ಗುರುವೂ ಅಲ್ಲದ, ಹೆತ್ತವರೂ ಅಲ್ಲದ ಆ ನಡುವಿನ ಸ್ಥಾನವೇ ಈ ಕೆಲಸದ ಬಲ. ಆದರೆ ದೌರ್ಬಲ್ಯಗಳೂ ಇದ್ದವು. ಓದಿನ ಅವಧಿ ಮುಗಿದೊಡನೆ ಅಣ್ಣನೂ ಅಕ್ಕನೂ ಹೊರಟುಹೋಗುತ್ತಾರೆ. ಪಾಠಕ್ಕೆಂದು ಪ್ರತ್ಯೇಕವಾಗಿ ಕರೆಯುವುದರಿಂದಲೇ ಮಗು ಬೇರೆಯವನೆಂದು ಗುರುತಾಗುತ್ತದೆ. ಗೌರವಕ್ಕೆಂದು ತಂದ 'ದಾಮುನ್ಹ್ವಾ' ಎಂಬ ಪದವೇ ಕೆಲವೇ ವರ್ಷಗಳಲ್ಲಿ ತರಗತಿಯ ಅಡ್ಡಹೆಸರಾಯಿತು.

ಎಲ್ಲಕ್ಕಿಂತ ಆಳದ ತೊಡಕು ಭಾಷೆಯದು. ಆರಂಭದ ಯೋಜನೆಗಳು ಮಗುವಿನಲ್ಲಿ ಒಂದು ಕೊರತೆಯನ್ನು ಕಂಡವು: ಕೊರಿಯನ್ ನುಡಿಯ ಕೊರತೆ. ಅದನ್ನು ತುಂಬಿಸುವುದು ಮಾರ್ಗದರ್ಶಿಯ ಕೆಲಸವಾಯಿತು. ಮಗುವಿನಲ್ಲಿ ಆಗಲೇ ಇದ್ದ ಅಥವಾ ಇರಬಹುದಾಗಿದ್ದ ಇನ್ನೊಂದು ನುಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅನೇಕ ಮನೆಗಳಲ್ಲಿ ಅತ್ತೆ ಮಾವಂದಿರು, ಗಂಡಂದಿರು, ಮಗುವಿನೊಡನೆ ನಿನ್ನ ಭಾಷೆ ಆಡಬೇಡ, ಮಗು ಹಿಂದುಳಿಯುತ್ತದೆ ಎಂದು ತಾಯಿಗೆ ತಾಕೀತು ಮಾಡಿದರು. ತನಗೆ ಇನ್ನೂ ಅರೆಬರೆ ಬರುವ ಕೊರಿಯನ್ನಿನಲ್ಲಿ ತಾಯಿ ಮಗುವನ್ನು ಮುದ್ದಿಸಬೇಕಾಯಿತು. ಲಾಲಿ ಹಾಡುವುದಕ್ಕೆ, ಗದರುವುದಕ್ಕೆ, ಕಥೆ ಹೇಳುವುದಕ್ಕೆ ಅವಳಲ್ಲಿ ಮಾತುಗಳು ತುಂಬಿದ್ದವು. ಆಡಲು ಅನುಮತಿ ಇರಲಿಲ್ಲ. ಹೀಗೆ ಮಗುವಿಗೆ ಎರಡು ನುಡಿ ಬರುವ ಬದಲು ತಾಯಿಯ ಬಾಯಿಂದ ಒಂದೂ ತುಂಬಾಗಿ ಬರಲಿಲ್ಲ. 1938ರ ಬಳಿಕ ತರಗತಿಯಲ್ಲಿ ಕೊರಿಯನ್ ಮಗುವಿಗೆ ಹೇಳಿದ್ದನ್ನು, ಎಪ್ಪತ್ತು ವರ್ಷಗಳ ತರುವಾಯ ಕೊರಿಯನ್ ಮನೆ ತನ್ನ ಸೊಸೆಗೆ ಹೇಳಿತು. ಮೊದಲನೆಯದು ಸಾಮ್ರಾಜ್ಯದ ಬಲದಿಂದ. ಎರಡನೆಯದು ಮಗುವಿನ ಒಳಿತಿನ ಹೆಸರಿನಲ್ಲಿ. ಎರಡರ ಅಳತೆ ಒಂದೇ ಅಲ್ಲ, ನಿಜ. ಮಗುವಿನ ಕಿವಿಗೆ ಬಿದ್ದ ಮೌನ ಮಾತ್ರ ಬಹಳ ಬೇರೆಯದಾಗಿರಲಾರದು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಸ್ವೀಡನ್ನಿನ ಮಾಲ್ಮೊ ಹಡಗು ಕಟ್ಟುವ ನಗರವಾಗಿತ್ತು. ಆ ಉದ್ಯಮ ಮುಳುಗಿದ ಮೇಲೆ ಅದರ ದೈತ್ಯ ಕ್ರೇನನ್ನು ಕೇವಲ ಒಂದು ಡಾಲರಿಗೆ ಕೊಂಡು 2002ರಲ್ಲಿ ಕೊರಿಯಾದ ಉಲ್ಸನ್‌ಗೆ ಸಾಗಿಸಲಾಯಿತು. ಕೊರಿಯನ್ನರು ಅದನ್ನು 'ಮಾಲ್ಮೊದ ಕಣ್ಣೀರು' ಎಂದು ಕರೆಯುತ್ತಾರೆ. ಅದೇ ಮಾಲ್ಮೊ ವಲಸಿಗರಿಂದ ತುಂಬಿದ ನಗರವೂ ಹೌದು. ಅಲ್ಲಿ 1997ರಲ್ಲಿ 'ನೆಕ್ಟರ್‌ಗಾಲೆನ್', ಅಂದರೆ ನೈಟಿಂಗೇಲ್ ಹಕ್ಕಿ, ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳ ಮಾರ್ಗದರ್ಶನ ಆರಂಭವಾಯಿತು. ಎಪ್ಪತ್ತರ ದಶಕದಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಹುಟ್ಟಿದ 'ಪೆರಾಖ್' ಯೋಜನೆ ಅದಕ್ಕೆ ಸ್ಫೂರ್ತಿ. ಎಂಟರಿಂದ ಹನ್ನೆರಡು ವರ್ಷದ ಮಗುವೂ ವಿದ್ಯಾರ್ಥಿಯೂ ಅಕ್ಟೋಬರಿನಿಂದ ಮೇವರೆಗೆ ವಾರಕ್ಕೊಮ್ಮೆ ಎರಡು ಮೂರು ಗಂಟೆ ಜೊತೆಗಿರುತ್ತಾರೆ. ಮನೆಪಾಠ ಅದರ ಗುರಿಯಲ್ಲ. ಗ್ರಂಥಾಲಯ, ಅಡುಗೆ, ಆಟ, ನಡಿಗೆ ಇವೇ ಅಲ್ಲಿನ ಪಠ್ಯ. ಮಗು ವಿದ್ಯಾರ್ಥಿಯ ಜಗತ್ತನ್ನು ಕಾಣುವಂತೆ ವಿದ್ಯಾರ್ಥಿಯೂ ಮಗುವಿನ ಮನೆಯನ್ನು ಕಾಣಬೇಕು. ಲಾಭ ಎರಡೂ ಕಡೆಗೆ ಎಂಬುದು ಅದರ ಮೂಲತತ್ತ್ವ. ಎಪ್ಪತ್ತರ ದಶಕದ ಕೊರಿಯನ್ ರಾತ್ರಿ ಶಾಲೆಗಳಿಗೆ ಈ ತತ್ತ್ವ ಹೊಸದಾಗಿರಲಿಲ್ಲ. ಯೋಜನೆಯಾಗಿ ಮಾರ್ಪಡುವ ಹೊತ್ತಿನಲ್ಲಿ ಅದು ಮರೆಗೆ ಸರಿದಿತ್ತು.

ಕೊರಿಯಾವೂ ಎಚ್ಚೆತ್ತುಕೊಂಡಿತು. ವಲಸೆ ಬಂದ ತಾಯಂದಿರನ್ನೇ ದ್ವಿಭಾಷಾ ಬೋಧಕಿಯರನ್ನಾಗಿ ತರಬೇತಿಗೊಳಿಸುವ ಕೆಲಸ 2009ರಲ್ಲಿ ಸೋಲ್‌ನಲ್ಲಿ ಮೊದಲಾಯಿತು. ನಿನ್ನೆಯವರೆಗೆ ಶಾಲೆಯ ಚೀಟಿಗೆ ಅಂಜುತ್ತಿದ್ದವಳು ಅದೇ ಶಾಲೆಯಲ್ಲಿ ಕಲಿಸುವವಳಾದಳು. 2013ರಿಂದ ಮಕ್ಕಳು ಕೊರಿಯನ್ನಿನಲ್ಲಿಯೂ ತಾಯಿಯ ಅಥವಾ ತಂದೆಯ ನುಡಿಯಲ್ಲಿಯೂ ಮಾತಾಡುವ ರಾಷ್ಟ್ರಮಟ್ಟದ ದ್ವಿಭಾಷಾ ಭಾಷಣ ಸ್ಪರ್ಧೆ ನಡೆಯುತ್ತಿದೆ. ಮನೆಯಲ್ಲಿ ಎರಡೂ ನುಡಿ ಆಡಿರಿ ಎಂದು ಕುಟುಂಬಗಳಿಗೆ ಹೇಳುವ ಸರ್ಕಾರಿ ಕಾರ್ಯಕ್ರಮಗಳು ಬಂದವು. ಮೊದಲು ಮುಚ್ಚಿಸಿದ ಬಾಯನ್ನು ತೆರೆಸುವುದು ಸುಲಭವಲ್ಲ. ಹತ್ತು ವರ್ಷ ಮಾತಾಡದೆ ಬೆಳೆದ ಮಗುವಿಗೆ ತಾಯ್ನುಡಿ ಪಾಠಪುಸ್ತಕದ ಭಾಷೆಯಾಗಿಯೇ ಬರಬೇಕಾಗುತ್ತದೆ.

ಹೊರನಾಡಿನಲ್ಲಿರುವ ನಮಗೆ ಈ ಚರಿತ್ರೆ ಪರಕೀಯವೆನಿಸದು. ನಮ್ಮಲ್ಲಿಯೂ ರಾತ್ರಿ ಶಾಲೆಗಳಿದ್ದವು. ಕರಾವಳಿಯಿಂದ ಮುಂಬಯಿಗೆ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಕೆಲಸ ಮುಗಿಸಿ, ಕನ್ನಡ ರಾತ್ರಿ ಶಾಲೆಗಳ ಬೆಂಚುಗಳಲ್ಲಿ ಕುಳಿತು ಓದಿದರು. ಅವರಲ್ಲಿ ಅನೇಕರು ವಕೀಲರೂ ಬ್ಯಾಂಕಿನ ನೌಕರರೂ ಲೇಖಕರೂ ಆದರು. ಅವರ ಮನೆಮಾತು ತುಳುವೋ ಕೊಂಕಣಿಯೋ ಕನ್ನಡವೋ ಆಗಿತ್ತು. ಬೀದಿಯ ಮಾತು ಮರಾಠಿ, ಹಿಂದಿ. ಅಕ್ಷರ ಪಡೆಯಲು ಅವರು ತಮ್ಮದನ್ನು ಬಿಟ್ಟುಕೊಡಬೇಕಾಗಲಿಲ್ಲ ಎಂಬುದು ಆ ಶಾಲೆಗಳ ದೊಡ್ಡ ಕೊಡುಗೆ. ಇಂದು ಆ ಶಾಲೆಗಳು ವಿರಳ. ಹೊರನಾಡಿನ ಕನ್ನಡ ಮನೆಯ ಮಗುವಿಗೆ ಶಾಲೆಯ ಕೊರತೆಯಿಲ್ಲ, ಮನೆಪಾಠದ ಕೊರತೆಯೂ ಇಲ್ಲ. ಅಜ್ಜಿಯೊಡನೆ ಫೋನಿನಲ್ಲಿ ಆಡಲು ಮಾತಿನ ಕೊರತೆಯಿದೆ. ಮಗುವಿಗೆ ಗೊಂದಲವಾದೀತೆಂದು ಕನ್ನಡವನ್ನು ಬದಿಗಿಟ್ಟ ತಂದೆತಾಯಿಯರಿಗೆ ಹಾಗೆ ಮಾಡೆಂದು ಯಾವ ಸಾಮ್ರಾಜ್ಯವೂ ಆಜ್ಞಾಪಿಸಿರಲಿಲ್ಲ. ನಮ್ಮ ಸಂಘಗಳು ವಾರಾಂತ್ಯದ ಕನ್ನಡ ತರಗತಿಗಳನ್ನು ನಡೆಸುತ್ತವೆ, ಅವು ನಡೆಯಲಿ. ಅವುಗಳ ಜೊತೆಗೆ, ಅದೇ ಊರಿಗೆ ಓದಲು ಬಂದ ಕನ್ನಡದ ಕಾಲೇಜು ವಿದ್ಯಾರ್ಥಿಯೊಬ್ಬ ವಾರಕ್ಕೆರಡು ಗಂಟೆ ಮಗುವಿನೊಡನೆ ಸುಮ್ಮನೆ ತಿರುಗಾಡಿಕೊಂಡಿದ್ದರೆ, ವರ್ಣಮಾಲೆಗಿಂತ ಮೊದಲು ಮಾತು ಬಂದೀತು.

ಕೊರಿಯಾದಲ್ಲಿ ಆ ದೊಡ್ಡ ಮದುವೆಯ ವರ್ಷಗಳಲ್ಲಿ, ಅಂದರೆ 2005ರ ಸುಮಾರಿಗೆ, ಹುಟ್ಟಿದ ಮಕ್ಕಳಿಗೆ ಈಗ ಇಪ್ಪತ್ತು ವರ್ಷ. ಅವರಲ್ಲಿ ವಿಶ್ವವಿದ್ಯಾಲಯ ಸೇರಿದವರಿದ್ದಾರೆ, ಸೈನ್ಯದಲ್ಲಿ ಕಡ್ಡಾಯ ಸೇವೆ ಮಾಡುತ್ತಿರುವವರಿದ್ದಾರೆ. ಅವರು ಸ್ವೀಕರಿಸುವ ಸೈನಿಕ ಪ್ರತಿಜ್ಞೆಯಿಂದಲೂ 2011ರ ಹೊತ್ತಿಗೆ 'ಜನಾಂಗ' ಎಂಬ ಪದ ಹೋಗಿದೆ. ಮಾರ್ಗದರ್ಶಿಯಾಗಿ ಮತ್ತೊಂದು ಮಗುವಿನ ಮುಂದೆ ಕೂರುವ ಸರದಿ ಇನ್ನು ಅವರದು. ನಿನ್ನ ಅಮ್ಮ ನಿನ್ನನ್ನು ಯಾವ ಮಾತಿನಲ್ಲಿ ಕರೆಯುತ್ತಾಳೆ ಎಂದು ಮಗುವನ್ನು ಕೇಳಬೇಕೆಂಬುದು ಅವರಿಗೆ ಯಾವ ತರಬೇತಿಯೂ ಇಲ್ಲದೆ ಗೊತ್ತಿರುತ್ತದೆ.